ಪಾತ್ರವರಿತ ಗ್ರಂಥದಾನ: ಕಾಫಿ ಮಲೆನಾಡಿನ ಒಂದು ಪರಂಪರೆ

ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಬೆಟ್ಟಗಳನ್ನು ಇಂದು ಕಾಫಿಯಿಂದಲೇ ಗುರುತಿಸುವುದು ವಾಡಿಕೆಯಾದರೂ, ಕಾಫಿ ಇಲ್ಲಿ ದೊಡ್ಡ ತೋಟಗಳ ಬೆಳೆಯಾಗಿ ಹರಡಿದ್ದು 19ನೆಯ ಶತಮಾನದಲ್ಲಿ. ಅದಕ್ಕೂ ಎಂಟು ಶತಮಾನಗಳಿಗೂ ಹಿಂದೆಯೇ ಈ ಸೀಮೆ ವಿದ್ವಾಂಸರ ನೆಲೆಯಾಗಿತ್ತು. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು, ಅಂದರೆ ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ, ತನ್ನ ಬಸದಿಗಳಿಗೆ ಹೆಸರಾದದ್ದು. 10ನೆಯ ಶತಮಾನದ ಕೊನೆಯ ಭಾಗದಲ್ಲಿ ವಿಮಲಚಂದ್ರ ಪಂಡಿತದೇವರು ಸನ್ಯಸನ ವಿಧಿಯಿಂದ ದೇಹತ್ಯಾಗ ಮಾಡಿದ್ದನ್ನು ಅಲ್ಲಿನ ಶಾಸನ ದಾಖಲಿಸುತ್ತದೆ. ಅಂಥ ಪಂಡಿತರ ಸುತ್ತ ಬೆಳೆದ ಜೈನ ಸಮಾಜದಲ್ಲಿ ಪುಸ್ತಕವನ್ನು ಕೊಡುವುದು ಕೇವಲ ಸೌಜನ್ಯವಾಗಿರದೆ, ನಿಯಮಗಳಿಗೆ ಒಳಪಟ್ಟ ಧರ್ಮಕಾರ್ಯವೇ ಆಗಿತ್ತು.

ಜೈನ ಸಂಪ್ರದಾಯವು ಆಹಾರ, ಅಭಯ, ಔಷಧ ಮತ್ತು ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೇಳುತ್ತದೆ. ಇವುಗಳಲ್ಲಿ ಶಾಸ್ತ್ರದಾನವೆಂದರೆ ಗ್ರಂಥವೊಂದನ್ನು ಬರೆಯಿಸಿ ಓದುವವರಿಗೆ ಒಪ್ಪಿಸುವುದು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಪ್ರಕಾರ ದಾನದ ಹಿರಿಮೆಯು ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ ಮತ್ತು ಪಡೆಯುವ ಪಾತ್ರ ಎಂಬ ನಾಲ್ಕನ್ನೂ ಅವಲಂಬಿಸಿರುತ್ತದೆ. ಇಲ್ಲಿ ‘ಪಾತ್ರ’ವೆಂದರೆ ದಾನಕ್ಕೆ ಅರ್ಹನಾದ ವ್ಯಕ್ತಿ, ಗ್ರಂಥದ ಮಟ್ಟಿಗೆ ಈ ಅರ್ಹತೆಯು ಆ ಗ್ರಂಥವನ್ನು ಓದಿ ಅರಗಿಸಿಕೊಳ್ಳುವ ಶಕ್ತಿಯೂ ಹೌದು. ಕೊಡುವವನ ಉದಾರತೆಯೊಂದೇ ಸಾಲದು, ಪಡೆಯುವವನನ್ನು ಅರಿತಿರಬೇಕು ಎಂಬ ಈ ವಿಚಾರವೇ ಕನ್ನಡ ನಾಡಿನ ಗ್ರಂಥದಾನದ ಚರಿತ್ರೆಯನ್ನು ತಿಳಿಯಲು ಸರಿಯಾದ ಕೀಲಿಕೈ.

ಆ ಚರಿತ್ರೆಯಲ್ಲಿ ಎರಡು ಬಗೆಗಳು ಸ್ಪಷ್ಟವಾಗಿ ಕಾಣುತ್ತವೆ. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಕೀರ್ತಿತಳಾದ ದಾನಚಿಂತಾಮಣಿ ಅತ್ತಿಮಬ್ಬೆಯದು ಮೊದಲನೆಯ ಬಗೆ, ತೀರ್ಥಂಕರನ ಕಥೆಯನ್ನು ಕಾವ್ಯವಾಗಿ ಹೇಳುವ ಪುರಾಣ ಬಹುಜನರಿಗೆ ರುಚಿಸುವಂಥದ್ದಾದುದರಿಂದ ಅದನ್ನು ಧಾರಾಳವಾಗಿ ಹಂಚುವುದು ಯುಕ್ತವೇ ಆಗಿತ್ತು. ಎರಡನೆಯ ಬಗೆಗೆ ಮಲ್ಲಿಕಬ್ಬೆ ನಿದರ್ಶನ. ಶ್ರೀಪಂಚಮಿ ವ್ರತದ ಉದ್ಯಾಪನೆಯ, ಅಂದರೆ ವ್ರತಸಮಾಪ್ತಿಯ, ಸಂದರ್ಭದಲ್ಲಿ ಆಕೆ ‘ಮಹಾಬಂಧ’ವೆಂಬ ಸಿದ್ಧಾಂತ ಗ್ರಂಥವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದ ಸಂಗತಿಯನ್ನು ಮೂಡುಬಿದಿರೆಯ ಓಲೆಪ್ರತಿಯ ಪ್ರಶಸ್ತಿ ಪದ್ಯಗಳು ತಿಳಿಸುತ್ತವೆ. ಕರ್ಮಬಂಧದ ಭೇದಗಳನ್ನು ಎಣಿಸಿ ವಿಂಗಡಿಸುವ ಆ ಕೃತಿಯಲ್ಲಿ ಕಥೆಯ ಸುಳಿವೂ ಇಲ್ಲದಿರುವುದರಿಂದ, ಪಳಗಿದ ಸೈದ್ಧಾಂತಿಕನ ಹೊರತು ಬೇರೆಯವರಿಗೆ ಅದು ನಿರುಪಯುಕ್ತ. ಮಲ್ಲಿಕಬ್ಬೆ ಆರಿಸಿದ ಪಾತ್ರ ಅಂಥವನೇ. ಲೋಹದ ಲೇಖನಿಯಿಂದ ಕೊರೆಯುವ ಬದಲು ಮಸಿಯಿಂದ ಹಳಗನ್ನಡ ಲಿಪಿಯಲ್ಲಿ ಬರೆದ ಮೂಡುಬಿದಿರೆಯ ಸಿದ್ಧಾಂತ ಪ್ರತಿಗಳು ಸಿದ್ಧಾಂತ ಬಸದಿಯಲ್ಲಿ ಉಳಿದು ಬಂದವು, ಮತ್ತು 20ನೆಯ ಶತಮಾನದಲ್ಲಿ ‘ಧವಲಾ’, ‘ಮಹಾಬಂಧ’ಗಳು ಅಚ್ಚಾಗುವುದಕ್ಕೆ ಆಧಾರವಾದವು; ತಕ್ಕವರ ಕೈಸೇರಿದ ಕೊಡುಗೆ ಒಂದು ಜ್ಞಾನಶಾಖೆಯನ್ನೇ ಕಾಪಾಡಿತೆಂದು ಹೇಳಿದರೆ ಅತಿಶಯವಾಗದು.

ಘಟ್ಟದ ಮೇಲಿನ ಕಳಸವೂ ಈ ಲೋಕದಿಂದ ದೂರವಿರಲಿಲ್ಲ. ಕಳಸ ಮತ್ತು ಕಾರ್ಕಳಗಳನ್ನು ಒಟ್ಟಿಗೆ ಆಳಿದ ಭೈರರಸರು ಜೈನರಾಗಿದ್ದೂ ಕಳಸೇಶ್ವರನಿಗೆ ನಡೆದುಕೊಂಡವರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ಇದೇ ವಂಶದವನು. ಅತ್ತ ತುಂಗೆಯ ತೀರದ ಶೃಂಗೇರಿ ಮಠದಲ್ಲಿ ವೇದಾಂತ ಗ್ರಂಥಗಳನ್ನು ಓದಿಸುವ, ಪ್ರತಿಮಾಡಿಸುವ ಪರಂಪರೆ ಬೆಳೆಯಿತು. ಹೀಗೆ ಬಸದಿ ಮತ್ತು ಮಠಗಳೆರಡೂ ಆಯ್ದ ಓದುಗರ ನೆಲೆಗಳಾಗಿದ್ದವು.

ಮುದ್ರಣವು ಬಂದ ಮೇಲೆ ಪ್ರತಿ ಮಾಡಿಸುವ ಶ್ರಮ ತಪ್ಪಿತು, ಆದರೆ ಆರಿಸುವ ಶ್ರಮ ಹೆಚ್ಚಿತು. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ 1901ರಲ್ಲಿ ಪ್ರಕಟವಾಗಿ, ಆಗ ಕಡೂರು ಜಿಲ್ಲೆ ಎನಿಸಿಕೊಂಡಿದ್ದ ಈ ಪ್ರದೇಶದ ಶಾಸನಗಳನ್ನು ಗ್ರಂಥರೂಪಕ್ಕೆ ತಂದಿತು, 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರವು ಮಣ್ಣು, ಕೀಟ, ರೋಗಗಳನ್ನು ಕುರಿತ ಬರಹಗಳಿಗೆ ಬೆಳೆಗಾರರಲ್ಲಿ ಓದುಗರನ್ನು ಸೃಷ್ಟಿಸಿತು. ತೋಟದಲ್ಲಿ ನಿತ್ಯವೂ ಮಳೆ, ನೆರಳುಮರ, ಬೋರರ್ ಹುಳುಗಳನ್ನು ಗಮನಿಸುವ ಬೆಳೆಗಾರನು ಮುದ್ರಿತ ಮಾತನ್ನು ಸುಲಭವಾಗಿ ನಂಬದವನು. ಕಣ್ಣಾರೆ ಕಂಡದ್ದಕ್ಕೆ ಹೊಂದದ ವಾಕ್ಯವೊಂದು ಸಿಕ್ಕರೆ ಪುಸ್ತಕವನ್ನೇ ಬದಿಗಿಡಬಲ್ಲವನು.

ಇಂಥ ಓದುಗನಿಗೆ ಕನ್ನಡದಲ್ಲಿ ತಕ್ಕ ಕಥೇತರ ಸಾಹಿತ್ಯವನ್ನು, ಅಂದರೆ ಕಲ್ಪಿತ ಕಥೆಯಲ್ಲದ ವಿಜ್ಞಾನ, ಚರಿತ್ರೆ, ಪ್ರವಾಸ, ಪರಿಸರಗಳ ಬರವಣಿಗೆಯನ್ನು, ಒದಗಿಸಿದವರಲ್ಲಿ ಅಗ್ರಗಣ್ಯರು ಮೂಡಿಗೆರೆಯ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007). ಸ್ವತಃ ಕಾಫಿ ಬೆಳೆಗಾರರಾಗಿದ್ದ ಅವರು 1991ರ ‘ಪರಿಸರದ ಕತೆ’ಯಲ್ಲಿ ಮೂಡಿಗೆರೆಯ ಕಾಡು, ಕೆರೆ, ಪ್ರಾಣಿಗಳನ್ನೂ ಅಲ್ಲಿನ ಜನರನ್ನೂ ಒಟ್ಟಿಗೆ ಚಿತ್ರಿಸಿದರು; ‘ಕನ್ನಡ ನಾಡಿನ ಹಕ್ಕಿಗಳು’ ಮೂಲಕ ಅಂಗಳದ ಹಕ್ಕಿಯನ್ನು ಹೆಸರಿಟ್ಟು ಗುರುತಿಸುವುದನ್ನು ಕಲಿಸಿದರು; ಸಹಸ್ರಮಾನದ ಸಂಧಿಯಲ್ಲಿ ಹೊರತಂದ ‘ಮಿಲೇನಿಯಂ’ ಮಾಲೆಯಲ್ಲಿ ಮಹಾಯುದ್ಧದಿಂದ ಹಿಡಿದು ಪೆಸಿಫಿಕ್ ದ್ವೀಪಗಳವರೆಗಿನ ಜಗತ್ತನ್ನು ಪುಟ್ಟ ಪುಸ್ತಕಗಳಲ್ಲಿ ಪರಿಚಯಿಸಿದರು. ಒಂದೊಂದು ವಿಷಯಕ್ಕೆ ಒಂದೊಂದು ಪುಸ್ತಕವಿರುವುದರಿಂದ ಯುದ್ಧಚರಿತ್ರೆಯನ್ನು ಬಯಸುವವನಿಗೆ ಒಂದನ್ನು, ಸಾಹಸವನ್ನು ಬಯಸುವವನಿಗೆ ಮತ್ತೊಂದನ್ನು ಆರಿಸಿಕೊಡುವುದು ಸಾಧ್ಯವಾಯಿತು.

ಸಾರ್ವಜನಿಕ ಜೀವನದಲ್ಲಿಯೂ ಪುಸ್ತಕದ ಕೊಡುಗೆಗೆ ಈಚೆಗೆ ಮನ್ನಣೆ ದೊರೆತಿದೆ: ಸರ್ಕಾರಿ ಸಮಾರಂಭಗಳಲ್ಲಿ ಹಾರ, ಹೂಗುಚ್ಛ, ಶಾಲುಗಳನ್ನು ಬಿಟ್ಟು ಕನ್ನಡ ಪುಸ್ತಕಗಳನ್ನು ನೀಡಬಹುದೆಂದು ಕರ್ನಾಟಕ ಸರ್ಕಾರ 2021ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ಇದು ಸ್ವಾಗತಾರ್ಹವೇ, ಆದರೆ ಹಾರದ ಜಾಗಕ್ಕೆ ಕೈಗೆ ಸಿಕ್ಕ ಪುಸ್ತಕವನ್ನು ತಂದಿಟ್ಟರೆ ದ್ರವ್ಯವೇನೋ ಬದಲಾಗುತ್ತದೆ, ಪಾತ್ರವಿಚಾರ ಮಾತ್ರ ಮರೆತೇಹೋಗುತ್ತದೆ. ಆಯ್ದು ಓದುವವರಿಗೆ ಕೊಡುವಾಗ ಅವರ ಕಪಾಟಿನಲ್ಲಿ ಈಗಾಗಲೇ ಏನಿದೆ, ಯಾವ ವಿಷಯದಲ್ಲಿ ಅವರು ಲೇಖಕನಿಗಿಂತ ಹೆಚ್ಚು ಬಲ್ಲರು, ಯಾವ ಪ್ರಶ್ನೆ ಅವರಲ್ಲಿ ಇನ್ನೂ ಜೀವಂತವಾಗಿದೆ ಎಂಬುದನ್ನು ಮೊದಲು ವಿಚಾರಿಸಬೇಕು; ಬಳಿಕ ಪುಸ್ತಕದ ಆಧಾರಗಳು, ನಕ್ಷೆಗಳು, ಪದಸೂಚಿ, ಪರಿಷ್ಕೃತ ಆವೃತ್ತಿಗಳನ್ನು ಪರೀಕ್ಷಿಸಬೇಕು; ಸಾಧ್ಯವಾದರೆ ಕೊಡುವವರು ತಾವೇ ಒಮ್ಮೆ ಓದಿರಬೇಕು. ಮಲ್ಲಿಕಬ್ಬೆಯ ಕಾಲದಲ್ಲಿ ಒಂದು ಪ್ರತಿಗೆ ತಿಂಗಳುಗಟ್ಟಲೆ ಲಿಪಿಕಾರನ ದುಡಿಮೆ ಬೇಕಿದ್ದುದರಿಂದ ಆಯ್ಕೆಯ ಎಚ್ಚರ ತಾನಾಗಿಯೇ ಒದಗುತ್ತಿತ್ತು. ಪುಸ್ತಕ ಸುಲಭವಾಗಿ ಸಿಗುವ ಈ ಕಾಲದಲ್ಲಿ ಆ ಎಚ್ಚರವನ್ನು ಕೊಡುವವರು ತಾವಾಗಿಯೇ ವಹಿಸಬೇಕಾಗಿದೆ, ಏಕೆಂದರೆ ಓದುಗನನ್ನು ಅರಿಯಲು ಪಟ್ಟ ಶ್ರಮವೇ ಗ್ರಂಥದಾನದಲ್ಲಿ ಕೊಡುವವನ ನಿಜವಾದ ಪಾಲು.