ಸರಕಿನ ತೂಕ, ದುಡಿಮೆಯ ಲೆಕ್ಕ: ಕರಿಕಲ್ಲಿನ ಸೀಮೆಯಿಂದ ಕಂಡ ಕಡಲ ಉದ್ಯಮ

ಬಂದರಿನ ಏಳಿಗೆಯನ್ನು ವರ್ಷಕ್ಕೆ ಸಾಗಿಸಿದ ಟನ್ನುಗಳಲ್ಲಿ ಅಳೆಯುವುದು ನಮ್ಮಲ್ಲಿ ರೂಢಿ. ಸರಕು ಹೆಚ್ಚಿದಂತೆ ಕೆಲಸವೂ ಹೆಚ್ಚುತ್ತದೆಂಬ ನಂಬಿಕೆ ಈ ಅಳತೆಯ ಹಿಂದಿದೆ. ಕರ್ನಾಟಕದ ಅನುಭವ ಅದಕ್ಕೆ ಪುಷ್ಟಿ ಕೊಡುವುದಿಲ್ಲ. 1975ರ ಜನವರಿಯಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರಿನ ದೊಡ್ಡ ಸರಕುಗಳಲ್ಲಿ ಕುದುರೆಮುಖದ ಅದಿರು ಒಂದಾಗಿತ್ತು. ಅದು ನೀರಿನೊಡನೆ ಬೆರೆತು, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಬಂದರಿರುವ ಪಣಂಬೂರು ಸೇರುತ್ತಿತ್ತು. ದಾರಿಯಲ್ಲಿ ಲಾರಿಯ ಹಂಗಿಲ್ಲ, ಹಮಾಲರ ಹಂಗೂ ಇಲ್ಲ. ಮಂಗಳೂರಿನ ತೈಲ ಶುದ್ಧೀಕರಣಾಗಾರ ಎಂಆರ್‌ಪಿಎಲ್‌ಗೆ ಬರುವ ಕಚ್ಚಾತೈಲವೂ ಹಡಗಿನಿಂದ ನೇರ ಪೈಪಿಗೇ ಇಳಿಯುತ್ತದೆ. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಗಣಿ ನಿಂತಾಗ ಬಿಕೋ ಎಂದದ್ದು ಮಲೆಯ ಮೇಲಿನ ಟೌನ್‌ಶಿಪ್ಪು. ಸರಕು ಎಷ್ಟು ಹಾದುಹೋಯಿತು ಎನ್ನುವುದಕ್ಕಿಂತ ದಡದಲ್ಲಿ ಅದರ ಮೇಲೆ ಎಷ್ಟು ಕೈ ಆಡಿತು ಎನ್ನುವುದೇ ಉದ್ಯೋಗದ ಸರಿಯಾದ ಅಳತೆ ಎಂಬುದು ನನ್ನ ವಾದ.

ಉಡುಪಿಯ ಮೀನುಗಾರಿಕಾ ಬಂದರು ಮಲ್ಪೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅದಿರಿನ ಮುಂದೆ ಮೀನಿನ ತೂಕ ಏನೇನೂ ಅಲ್ಲ. ಆದರೆ ಅದರ ಬೆನ್ನಿಗೆ ಮಂಜುಗಡ್ಡೆ ಕಾರ್ಖಾನೆ, ಬಲೆ ಕಟ್ಟುವವರು, ಬೋಟ್ ರಿಪೇರಿಯವರು, ಮೀನು ಮಾರುವ ಹೆಂಗಸರು ಇದ್ದಾರೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲೂ ಬೋಟುಗಳ ದುರಸ್ತಿ ನಡೆದೇ ಇರುತ್ತದೆ. ಅಲ್ಲಿಯೇ ಹಡಗುಕಟ್ಟೆಯೂ ಇದೆ. ಅದನ್ನು ನಡೆಸುತ್ತಿದ್ದು ದಿವಾಳಿಯಾದ ಟೆಬ್ಮಾ ಕಂಪನಿಯನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಕೊಂಡು, 2022ರಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟಿತು. ಮರುವರ್ಷ ನಾರ್ವೆಯ ವಿಲ್ಸನ್ ಕಂಪನಿ ತಲಾ 3,800 ಟನ್ ಸಾಮರ್ಥ್ಯದ ಆರು ಸರಕು ಹಡಗುಗಳಿಗೆ ಆರ್ಡರ್ ಕೊಟ್ಟಿತು. ಇಂಥ ಒಂದೊಂದು ಹಡಗೂ ತಿಂಗಳುಗಟ್ಟಲೆ ವೆಲ್ಡಿಂಗ್, ಪೈಪ್ ಜೋಡಣೆ, ವೈರಿಂಗ್, ಬಣ್ಣದ ಕೆಲಸ ಬೇಡುತ್ತದೆ.

ಟೆಬ್ಮಾ ಮುಳುಗಿದ್ದೇ ಈ ವಾದಕ್ಕೆ ಉತ್ತರವಲ್ಲವೇ ಎಂದು ಕೇಳಬಹುದು. ಹಡಗಿನ ಬೇಡಿಕೆ ಜಗತ್ತಿನ ವ್ಯಾಪಾರದೊಡನೆ ಏರಿಳಿಯುತ್ತದೆ, ನಿಜ. ದೊಡ್ಡ ಆರ್ಡರುಗಳ ನಡುವಣ ಬಿಡುವಿನಲ್ಲಿ ಟಗ್ಗು, ಮೀನುಗಾರಿಕೆ ದೋಣಿ, ದುರಸ್ತಿ ಕೆಲಸಗಳು ಕಟ್ಟೆಯನ್ನು ಹಿಡಿದು ನಿಲ್ಲಿಸಬೇಕು. ಸರ್ಕಾರದ ನೆರವು ಹೋಗಬೇಕಾದದ್ದು ಆ ಬಿಡುವಿಗೆ. ಕೇಂದ್ರದ 2016ರ ಹಡಗು ನಿರ್ಮಾಣ ನೆರವಿನ ನೀತಿ ಹಡಗಿನ ಬೆಲೆಯ ಒಂದು ಪಾಲನ್ನು ಕೊಟ್ಟಿತು, ಕಸುಬುದಾರನನ್ನು ಉಳಿಸಿಕೊಳ್ಳುವ ಹೊಣೆಯನ್ನು ಕಟ್ಟೆಗೇ ಬಿಟ್ಟಿತು. ಇದಕ್ಕಿಂತ ಭಾರವಾದ ಆಕ್ಷೇಪವೆಂದರೆ ಇಂಥ ಕೆಲಸ ಬಹುಪಾಲು ಗುತ್ತಿಗೆಯದು, ಬಹಳಷ್ಟು ಹೊರರಾಜ್ಯದವರ ಪಾಲಾಗುವಂಥದು ಎಂಬುದು. ಅದನ್ನು ಅಲ್ಲಗಳೆಯಲಾರೆ. ಆದರೆ ವೆಲ್ಡರ್, ಫಿಟ್ಟರ್ ಕಲಿಕೆಗೆ ಕಡಲು ಬೇಕಿಲ್ಲ, ಒಳನಾಡಿನ ಐಟಿಐ ಸಾಕು.

ಚಾಮರಾಜನಗರ ಸೀಮೆಗೂ ಇದೇ ಅಳತೆ ಸಲ್ಲುತ್ತದೆ. ಇಲ್ಲಿನ ಕರಿಕಲ್ಲು ಕಡಲು ದಾಟಿ ಹೋಗುತ್ತದೆ. ಅದು ದಿಮ್ಮಿಯಾಗಿಯೇ ಹೊರಟರೆ ಬಂದರಿಗೆ ಟನ್ನು ಸಿಗುತ್ತದೆ. ಕೊಯ್ದು ಪಾಲಿಶ್ ಮಾಡುವ ಕೂಲಿ ಬೇರೆಯವರದು. ಕರಾವಳಿಗೆ ರಸ್ತೆ ಅಗಲಿಸುವುದೇ ಪರಿಹಾರ ಎನ್ನುವವರು ಬಂಡೀಪುರವನ್ನು ನೆನೆಯಲಿ: ಗುಂಡ್ಲುಪೇಟೆಯಿಂದ ಕೋಳಿಕ್ಕೋಡಿಗೆ ಹೋಗುವ ಹೆದ್ದಾರಿಯ ಕಾಡಿನ ಭಾಗ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಹುತೇಕ ವಾಹನಗಳಿಗೆ ಮುಚ್ಚಿರುತ್ತದೆ, ಕಾಡಿನ ದೃಷ್ಟಿಯಿಂದ ಮುಚ್ಚಿರಬೇಕಾದದ್ದೂ ಹೌದು. ಹಾಗಿರುವಾಗ ತೂಕ ಕಡಿಮೆ, ಬೆಲೆ ಹೆಚ್ಚು ಇರುವ ಸರಕೇ ಈ ಜಿಲ್ಲೆಗೆ ಒಗ್ಗುವಂಥದು. ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಘಟಕಗಳಿಗೆ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಮೊದಲ ಆದ್ಯತೆ ಸಿಗಬೇಕು.