ರೀಗಾದ ಮೇಯರ್ ಪೀಠ ಮತ್ತು ಅಲ್ಪಸಂಖ್ಯಾತ ಭಾಷೆಯ ರಾಜಕಾರಣ: 2009–2019

ಲಾಟ್ವಿಯಾದ ರಾಜಧಾನಿ ರೀಗಾಕ್ಕೆ ಸುಮಾರು ಹತ್ತು ವರ್ಷ ಮೇಯರ್ ಆಗಿದ್ದ ವ್ಯಕ್ತಿಯ ಹೆಸರಿಗೆ ಎರಡು ರೂಪಗಳಿವೆ. ರಷ್ಯನ್ ಭಾಷಿಕರಿಗೆ ಅವರು ನೀಲ್ ಉಷಾಕೋವ್. ಸರಕಾರಿ ದಾಖಲೆಗಳಲ್ಲಿ ನಿಲ್ಸ್ ಉಷಾಕೋವ್ಸ್. ಕೊನೆಯ ‘ಸ್’ ಲಾಟ್ವಿಯನ್ ವ್ಯಾಕರಣದ ಪುಲ್ಲಿಂಗ ಪ್ರತ್ಯಯ. ಪರಭಾಷಿಕರ ಹೆಸರುಗಳನ್ನೂ ಈ ನಿಯಮಕ್ಕೆ ಒಗ್ಗಿಸಿಯೇ ಬರೆಯಲಾಗುತ್ತದೆ. ಅವರ ರಾಜಕಾರಣದ ಸಾಧ್ಯತೆಯನ್ನೂ ಮಿತಿಯನ್ನೂ ನಿರ್ಧರಿಸಿದ್ದು ಈ ಎರಡು ಭಾಷೆಗಳ ಸಂಬಂಧವೇ.

1991ರಲ್ಲಿ ಲಾಟ್ವಿಯಾ ಮತ್ತೆ ಸ್ವತಂತ್ರವಾದಾಗ, ಸೋವಿಯತ್ ಕಾಲದಲ್ಲಿ ಬಂದು ನೆಲೆಸಿದವರಿಗೂ ಅವರ ಸಂತತಿಗೂ ಪೌರತ್ವ ತಾನಾಗಿ ದೊರೆಯಲಿಲ್ಲ. ಪೌರತ್ವ ಪಡೆಯದವರಿಗೆ ನಗರಸಭೆಯ ಚುನಾವಣೆಯಲ್ಲಿಯೂ ಮತವಿರಲಿಲ್ಲ. 1976ರಲ್ಲಿ ರೀಗಾದಲ್ಲಿಯೇ ಜನಿಸಿದ ಉಷಾಕೋವ್ಸ್ ಕೂಡ ಅರ್ಜಿಯ ಮೂಲಕವೇ, 1999ರಲ್ಲಿ, ಪೌರರಾದರು. ನಗರದಲ್ಲಿ ಲಾಟ್ವಿಯನ್ ಮತ್ತು ರಷ್ಯನ್ ಓದುಗರ ಲೋಕಗಳು ಬೇರೆ ಬೇರೆ. ರಷ್ಯನ್ ಪತ್ರಿಕೆಗಳಲ್ಲಿಯೂ ದೂರದರ್ಶನ ವಾಹಿನಿಗಳಲ್ಲಿಯೂ ದುಡಿದ ಅವರಿಗೆ ಆ ಓದುಗ ವಲಯವೇ ಮತದಾರ ವಲಯವಾಗಿ ಒದಗಿತು. 2005ರಲ್ಲಿ ‘ಸಾಮರಸ್ಯ ಕೇಂದ್ರ’ದ ನಾಯಕತ್ವ, 2006ರಲ್ಲಿ ಸಂಸತ್ ಸದಸ್ಯತ್ವ, 2009ರಲ್ಲಿ ಮೇಯರ್ ಪದವಿ ಒಂದರ ಹಿಂದೊಂದು ಬಂದವು.

ಆದರೆ 60 ಸ್ಥಾನಗಳ ನಗರಸಭೆಯಲ್ಲಿ ಪಕ್ಷಕ್ಕೆ ದೊರೆತದ್ದು 26. ಲಾಟ್ವಿಯನ್ ನಾಯಕತ್ವದ ಪಕ್ಷವೊಂದರ ಮೈತ್ರಿಯಿಲ್ಲದೆ ಆಡಳಿತ ಅಸಾಧ್ಯವಾಗಿತ್ತು. ಮಾತೃಭಾಷೆ ತಂದುಕೊಟ್ಟ ಬೆಂಬಲವನ್ನು ಅಧಿಕಾರವಾಗಿ ಪರಿವರ್ತಿಸಲು ರಾಜ್ಯಭಾಷೆಯ ಸಮಾಜದ ವಿಶ್ವಾಸವೂ ಬೇಕಾಯಿತು. 2013ರಲ್ಲಿ ಇದೇ ಮೈತ್ರಿಯ ಮಾರ್ಗದಲ್ಲಿ ಜಂಟಿ ಪಟ್ಟಿಗೆ 39 ಸ್ಥಾನಗಳು ಲಭಿಸಿದವು.

ನಗರದಲ್ಲಿ ಸಾಧ್ಯವಾದದ್ದು ರಾಷ್ಟ್ರಮಟ್ಟದಲ್ಲಿ ಸಾಧ್ಯವಾಗಲಿಲ್ಲ. 2011ರಲ್ಲಿ ಅವರ ಪಕ್ಷ ನೂರು ಸ್ಥಾನಗಳ ಸಂಸತ್ತಿನಲ್ಲಿ 31 ಗೆದ್ದು ಮೊದಲ ಸ್ಥಾನಕ್ಕೆ ಬಂದರೂ ಸಂಪುಟದಿಂದ ಹೊರಗುಳಿಯಿತು. ರಷ್ಯನ್ನನ್ನು ಎರಡನೆಯ ರಾಜ್ಯಭಾಷೆಯಾಗಿಸುವ ಮನವಿಗೆ ಅದೇ ವರ್ಷ ಅವರು ಸಹಿ ಹಾಕಿದರು. 2012ರ ಫೆಬ್ರವರಿಯ ಜನಮತಗಣನೆಯಲ್ಲಿ ಸುಮಾರು ಮುಕ್ಕಾಲು ಪಾಲು ಮತದಾರರು ಅದನ್ನು ತಿರಸ್ಕರಿಸಿದರು. ಮಾಸ್ಕೋದ ಆಳುವ ಪಕ್ಷದೊಂದಿಗಿನ ಒಪ್ಪಂದ ಸಂಶಯವನ್ನು ಮತ್ತಷ್ಟು ಬೆಳೆಸಿತ್ತು. 2017ರವರೆಗೂ ಅದು ಮುಂದುವರಿಯಿತು.

2019ರ ಏಪ್ರಿಲ್‌ನಲ್ಲಿ, ನಗರ ಸಾರಿಗೆ ಸಂಸ್ಥೆಯ ಭ್ರಷ್ಟಾಚಾರ ಪ್ರಕರಣದ ಹಿನ್ನೆಲೆಯಲ್ಲಿ, ಸಚಿವರ ಆದೇಶದಿಂದ ಅವರ ಮೇಯರ್ ಅಧಿಕಾರ ಕೊನೆಗೊಂಡಿತು. ಮುಂದಿನ ತಿಂಗಳೇ ಅವರು ಐರೋಪ್ಯ ಸಂಸತ್ತಿಗೆ ಆಯ್ಕೆಯಾದರು. 2022ರಲ್ಲಿ ಪಕ್ಷವು ಸಂಸತ್ ಪ್ರವೇಶಕ್ಕೆ ಬೇಕಾದ ಶೇ. 5ರಷ್ಟು ಮತವನ್ನೂ ಪಡೆಯಲಿಲ್ಲ.

ರೀಗಾದ ರಷ್ಯನ್ನನ್ನು ಕಾಸರಗೋಡಿನ ಕನ್ನಡದೊಂದಿಗೆ ಸಮೀಕರಿಸಲಾಗದು. ಒಂದು, ಸಾಮ್ರಾಜ್ಯದ ಭಾಷೆಯಾಗಿದ್ದು ಅಲ್ಪಸಂಖ್ಯಾತ ಸ್ಥಾನಕ್ಕೆ ಇಳಿದದ್ದು. ಇನ್ನೊಂದು, 1956ರ ಗಡಿರೇಖೆಯಿಂದ ಅಲ್ಪಸಂಖ್ಯಾತವಾದದ್ದು. ಬಹುಸಂಖ್ಯಾತರ ಭಯಕ್ಕೆ ಮೊದಲನೆಯದರಲ್ಲಿ ಚರಿತ್ರೆಯ ಆಧಾರವಿದೆ, ಎರಡನೆಯದರಲ್ಲಿ ಇಲ್ಲ. ಈ ವ್ಯತ್ಯಾಸವನ್ನು ಒಪ್ಪಿಕೊಂಡ ಮೇಲೂ ರೀಗಾದ ಒಂದು ಪಾಠ ಉಳಿಯುತ್ತದೆ: ಭಾಷಾ ಅಲ್ಪಸಂಖ್ಯಾತರು ಸ್ಥಳೀಯ ಆಡಳಿತವನ್ನು ಮತಬಲದಿಂದ ಪಡೆಯಬಹುದು, ಭಾಷೆಯ ಹಕ್ಕನ್ನು ಮಾತ್ರ ನೆರೆಯ ಭಾಷಿಕರ ಸಮ್ಮತಿಯಿಲ್ಲದೆ ಗಳಿಸುವುದು ಕಷ್ಟ.