ಬೀಟಾ ಎಚ್‌ಸಿಜಿ ಪರೀಕ್ಷೆ: ಎರಡನೆಯ ಬಾರಿ ರಕ್ತ ಕೊಡುವುದೇಕೆ?

ನಂಜನಗೂಡು/ತಿ. ನರಸೀಪುರ: ಮುಟ್ಟು ನಿಂತು ಕೆಲವು ದಿನ ಕಳೆದ ಮೇಲೆ ಗ್ರಾಮೀಣ ಭಾಗದ ಮಹಿಳೆಯರು ಸಾಮಾನ್ಯವಾಗಿ ಮೊದಲು ಕಾಣುವುದು ಊರಿನ ಆಶಾ ಕಾರ್ಯಕರ್ತೆಯನ್ನು. ಆಕೆಯ ಬಳಿ ಇರುವ ‘ನಿಶ್ಚಯ್’ ಕಿಟ್‌ನಲ್ಲಿ ಮೂತ್ರದ ಹನಿ ಬಿದ್ದು ಎರಡು ಗೆರೆ ಮೂಡಿದರೆ ಗರ್ಭ ನಿಂತಿದೆ ಎಂದರ್ಥ. ಬಹುಪಾಲು ಮಹಿಳೆಯರಿಗೆ ಅಷ್ಟು ಸಾಕು. ಆದರೆ ಕಿಬ್ಬೊಟ್ಟೆ ನೋವು, ಅಲ್ಪಸ್ವಲ್ಪ ರಕ್ತಸ್ರಾವ, ಹಿಂದೆ ಗರ್ಭಪಾತವಾದ ಚರಿತ್ರೆ ಮೊದಲಾದ ತೊಂದರೆ ಇದ್ದವರಿಗೆ ವೈದ್ಯರು ರಕ್ತದ ‘ಬೀಟಾ ಎಚ್‌ಸಿಜಿ’ ಪರೀಕ್ಷೆ ಬರೆದುಕೊಡುತ್ತಾರೆ. ವರದಿ ಬಂದ ನಂತರ, ನಾಡಿದ್ದು ಮತ್ತೊಮ್ಮೆ ಬಂದು ರಕ್ತ ಕೊಡಬೇಕೆಂದೂ ಹೇಳುತ್ತಾರೆ. ಮಹಿಳೆಯರು ತಪ್ಪಿಸಿಕೊಳ್ಳುವ ಸಂಭವ ಹೆಚ್ಚಿರುವುದು ಈ ಎರಡನೆಯ ಭೇಟಿಯನ್ನೇ.

ಕಾರಣ ಊಹಿಸುವುದು ಕಷ್ಟವಲ್ಲ. ನಂಜನಗೂಡು ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 25 ಕಿ.ಮೀ., ತಿ. ನರಸೀಪುರ ಆಗ್ನೇಯಕ್ಕೆ ಸುಮಾರು 30 ಕಿ.ಮೀ. ದೂರದಲ್ಲಿವೆ. ಎರಡೂ ರಾಷ್ಟ್ರೀಯ ಹೆದ್ದಾರಿ 766ರ ಮೇಲಿವೆ. ಪಟ್ಟಣದವರಿಗೆ ಇದು ದೂರವೆನಿಸದು. ಹುಲ್ಲಹಳ್ಳಿ, ಹೆಡತಲೆ ಕಡೆಯಿಂದಲೋ ತಲಕಾಡು, ಮೂಗೂರು ಕಡೆಯಿಂದಲೋ ಎರಡು ಬಸ್ಸು ಬದಲಿಸಿ ಬರುವ ಕೂಲಿ ಮಹಿಳೆಗೆ ಹಾಗೂ ನಂಜನಗೂಡು ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಮೇಲೆ ದುಡಿಯುವಾಕೆಗೆ ಒಂದು ದಿನದ ದುಡಿಮೆ ಬಿಡುವುದೇ ದುಬಾರಿ, ಇನ್ನೊಂದು ದಿನ ಬಿಡುವುದೆಂದರೆ ಮನೆಯವರನ್ನು ಒಪ್ಪಿಸಬೇಕು. ‘ಬಸ್ರಿ ಅಂತ ಗೊತ್ತಾಯ್ತಲ್ಲ, ಇನ್ನೇನು ನೋಡೋದಿದೆ?’ ಎಂಬ ಅತ್ತೆಯ ಪ್ರಶ್ನೆಗೆ ಉತ್ತರ ಗೊತ್ತಿರದಿದ್ದರೆ ಆಕೆ ಮನೆಯಲ್ಲೇ ಉಳಿಯುತ್ತಾಳೆ. ಉತ್ತರ ಇಲ್ಲಿದೆ.

ಏನಿದು ಎಚ್‌ಸಿಜಿ?

ಗರ್ಭ ಕಟ್ಟಿದ ನಂತರ, ಮುಂದೆ ಮಾಸು ಆಗಿ ಬೆಳೆಯುವ ಜೀವಕೋಶಗಳು ಸ್ರವಿಸುವ ಹಾರ್ಮೋನು ಎಚ್‌ಸಿಜಿ. ಅಂಡಾಶಯವು ಪ್ರೊಜೆಸ್ಟರಾನ್ ಉತ್ಪಾದನೆಯನ್ನು ನಿಲ್ಲಿಸದಂತೆ ನೋಡಿಕೊಂಡು ಎಳೆಯ ಗರ್ಭವನ್ನು ಕಾಯುವುದು ಇದರ ಕೆಲಸ. ಇದಕ್ಕೆ ಆಲ್ಫಾ, ಬೀಟಾ ಎಂಬ ಎರಡು ಭಾಗಗಳಿವೆ. ಆಲ್ಫಾ ಭಾಗ ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಸೇರಿದಂತೆ ದೇಹದ ಇನ್ನೂ ಮೂರು ಹಾರ್ಮೋನುಗಳಲ್ಲಿಯೂ ಇದೆ. ಎಚ್‌ಸಿಜಿಯನ್ನು ಅವುಗಳಿಂದ ಬೇರ್ಪಡಿಸಿ ತೋರಿಸುವುದು ಬೀಟಾ ಭಾಗ. ಆದ್ದರಿಂದಲೇ ಪರೀಕ್ಷೆಗೆ ಈ ಹೆಸರು.

1920ರ ದಶಕದ ಕೊನೆಯಲ್ಲಿ ಬರ್ಲಿನ್‌ನ ಆಶ್‌ಹೈಮ್ ಮತ್ತು ಝೊಂಡೆಕ್ ಎಂಬ ವೈದ್ಯರು ಮಹಿಳೆಯ ಮೂತ್ರವನ್ನು ಇಲಿಮರಿಗಳಿಗೆ ಚುಚ್ಚಿ, ಕೆಲವು ದಿನಗಳ ನಂತರ ಅವುಗಳನ್ನು ಕೊಯ್ದು ಅಂಡಾಶಯ ನೋಡಿ ಗರ್ಭವನ್ನು ನಿರ್ಧರಿಸುತ್ತಿದ್ದರು. ಮುಂದೆ ಕಪ್ಪೆಗಳ ಸರದಿ ಬಂತು. 1972ರಲ್ಲಿ ಅಮೆರಿಕದ ಜೂಡಿತ್ ವೈಟುಕೈಟಿಸ್ ಮತ್ತು ಸಹೋದ್ಯೋಗಿಗಳು ಬೀಟಾ ಭಾಗವನ್ನಷ್ಟೇ ಗುರುತಿಸುವ ರಕ್ತ ಪರೀಕ್ಷೆಯನ್ನು ಪ್ರಕಟಿಸಿದ ಮೇಲೆ ಪ್ರಾಣಿಗಳ ಹಂಗಿಲ್ಲದೆ ನಿಖರ ಪ್ರಮಾಣ ಅಳೆಯುವುದು ಸಾಧ್ಯವಾಯಿತು.

ಸಂಖ್ಯೆ ಹೇಳುವುದೇನು?

ಮೂತ್ರದ ಕಿಟ್ ಹೌದು ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ರಕ್ತ ಪರೀಕ್ಷೆ ಪ್ರಮಾಣವನ್ನು ಹೇಳುತ್ತದೆ. ಗರ್ಭಾಂಕುರವಾದ ಸುಮಾರು 10 ದಿನಗಳಲ್ಲಿಯೇ ರಕ್ತದಲ್ಲಿ ಎಚ್‌ಸಿಜಿ ಪತ್ತೆಯಾಗಬಲ್ಲದು. ಪ್ರತಿ ಮಿಲಿಲೀಟರ್‌ಗೆ 5 ಮಿಲಿ ಯೂನಿಟ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಗರ್ಭವಿಲ್ಲವೆಂದೂ 25ಕ್ಕಿಂತ ಹೆಚ್ಚಿದ್ದರೆ ಇದೆಯೆಂದೂ ಪರಿಗಣಿಸಲಾಗುತ್ತದೆ. ನಡುವಿನದು ಸಂದಿಗ್ಧ, ಮತ್ತೆ ನೋಡಬೇಕಾಗುತ್ತದೆ. ಪ್ರಮಾಣವು 8ರಿಂದ 11ನೇ ವಾರದ ಹೊತ್ತಿಗೆ ಗರಿಷ್ಠ ಮಟ್ಟ ಮುಟ್ಟಿ, ಅನಂತರ ಇಳಿದು ಒಂದು ಹಂತದಲ್ಲಿ ನಿಲ್ಲುತ್ತದೆ.

ವರದಿಯ ಬದಿಯಲ್ಲಿ ವಾರಕ್ಕೆ ಇಷ್ಟಿಷ್ಟು ಎಂದು ಮುದ್ರಿಸಿರುವ ಪಟ್ಟಿಯನ್ನು ನೋಡಿ ಗಾಬರಿಯಾಗುವವರುಂಟು. ಒಂದೇ ವಾರದ ಇಬ್ಬರು ಆರೋಗ್ಯವಂತ ಗರ್ಭಿಣಿಯರಲ್ಲಿ ಒಬ್ಬರಿಗೆ ನೂರರ ಲೆಕ್ಕ, ಇನ್ನೊಬ್ಬರಿಗೆ ಸಾವಿರದ ಲೆಕ್ಕ ಬರುವುದು ಅಸಹಜವಲ್ಲ. ಒಂದೇ ಸಂಖ್ಯೆಯಿಂದ ಗರ್ಭದ ಆರೋಗ್ಯ ತಿಳಿಯದು. ತಿಳಿಯುವುದು ಏರಿಕೆಯ ವೇಗದಿಂದ.

48 ಗಂಟೆಯ ಲೆಕ್ಕ

ಆರಂಭದ ವಾರಗಳಲ್ಲಿ ಎಚ್‌ಸಿಜಿ ಎರಡು ಮೂರು ದಿನಗಳಿಗೊಮ್ಮೆ ಸುಮಾರಾಗಿ ದ್ವಿಗುಣಗೊಳ್ಳುತ್ತದೆ. ಮೊದಲ ಪ್ರಮಾಣ 1,500ಕ್ಕಿಂತ ಕಡಿಮೆ ಇದ್ದಲ್ಲಿ 48 ಗಂಟೆಗಳಲ್ಲಿ ಕನಿಷ್ಠ ಶೇ 49ರಷ್ಟಾದರೂ ಏರಬೇಕೆಂಬುದು ಅಮೆರಿಕದ ಸ್ತ್ರೀರೋಗ ತಜ್ಞರ ಸಂಘಟನೆ 2018ರಲ್ಲಿ ನೀಡಿದ ಮಾರ್ಗಸೂಚಿ. ಮೊದಲ ದಿನ 400 ಇದ್ದದ್ದು ಮೂರನೆಯ ದಿನ 800 ಆಗಿದ್ದರೆ ಸಮಾಧಾನ. 460ಕ್ಕೆ ನಿಂತಿದ್ದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. 200ಕ್ಕೆ ಇಳಿದಿದ್ದರೆ ಗರ್ಭ ಉಳಿಯುತ್ತಿಲ್ಲವೆಂಬ ಸೂಚನೆ.

ಎಚ್ಚರ ಯಾತಕ್ಕೆಂದರೆ, ನಿಧಾನ ಏರಿಕೆಯ ಹಿಂದೆ ಗರ್ಭನಾಳದಲ್ಲಿ ಕಟ್ಟಿದ ಗರ್ಭ ಅಡಗಿರಬಹುದು. ಗರ್ಭಕೋಶ ತಲುಪದೆ ನಾಳದಲ್ಲೇ ಬೆಳೆಯುವ ಇಂಥ ಗರ್ಭ ಉಳಿಯುವಂಥದ್ದಲ್ಲ. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ಹರಿದು ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ ಬರಬಹುದು. ಕಿಟ್‌ನಲ್ಲಿ ಇದಕ್ಕೂ ಎರಡು ಗೆರೆಗಳೇ ಮೂಡುತ್ತವೆ ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ಒಡೆಯುವ ಮೊದಲೇ ಗೊತ್ತಾದರೆ, ಆಯ್ದ ಪ್ರಕರಣಗಳಲ್ಲಿ ಮೆಥೊಟ್ರೆಕ್ಸೇಟ್ ಚುಚ್ಚುಮದ್ದಿನಿಂದ, ಶಸ್ತ್ರಚಿಕಿತ್ಸೆಯಿಲ್ಲದೆ ಗುಣಪಡಿಸಬಹುದು. ಆಗಲೂ ಚುಚ್ಚುಮದ್ದಿನ 4ನೇ ಹಾಗೂ 7ನೇ ದಿನ ಇದೇ ರಕ್ತ ಪರೀಕ್ಷೆ ನಡೆಯುತ್ತದೆ; ಈ ಅವಧಿಯಲ್ಲಿ ಪ್ರಮಾಣ ಶೇ 15ರಷ್ಟಾದರೂ ಇಳಿದಿರಬೇಕು. ನಾಳದ ಗರ್ಭದಲ್ಲಿಯೂ ಕೆಲವೊಮ್ಮೆ ಏರಿಕೆ ಸಹಜವಾಗಿಯೇ ಕಾಣುವುದುಂಟು. ಆದ್ದರಿಂದ ಸ್ಕ್ಯಾನಿಂಗ್ ಇಲ್ಲದೆ ಸಂಖ್ಯೆಯನ್ನೇ ನೆಚ್ಚುವಂತಿಲ್ಲ.

ಹೊಟ್ಟೆಯ ಒಂದು ಬದಿ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ಕಣ್ಣು ಕತ್ತಲೆ ಬಂದು ಕುಸಿಯುವುದು, ಇವುಗಳಲ್ಲಿ ಯಾವುದೇ ಕಂಡರೆ ಎರಡನೆಯ ಪರೀಕ್ಷೆಯ ದಿನಕ್ಕಾಗಿ ಕಾಯಬಾರದು. 108 ಆಂಬುಲೆನ್ಸ್ ಕರೆಸಿ ತಾಲ್ಲೂಕು ಆಸ್ಪತ್ರೆಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ತಲುಪಬೇಕು.

ಔಷಧ ಅಂಗಡಿಯಲ್ಲಿ ಗುಟ್ಟಾಗಿ ಗರ್ಭಪಾತದ ಮಾತ್ರೆ ಕೊಂಡು ನುಂಗುವವರ ಪಾಡು ಇನ್ನೂ ಅಪಾಯಕರ. ಮಾತ್ರೆ ನಾಳದ ಗರ್ಭವನ್ನು ತೆಗೆಯಲಾರದು. ಆದರೆ ರಕ್ತಸ್ರಾವವಾಗುವುದರಿಂದ ಎಲ್ಲ ಮುಗಿಯಿತೆಂದು ಆಕೆ ನಂಬುತ್ತಾಳೆ. ಗರ್ಭ ನಾಳದಲ್ಲೇ ಬೆಳೆಯುತ್ತಿರುತ್ತದೆ. ವೈದ್ಯಕೀಯ ಗರ್ಭಪಾತ ಕಾಯ್ದೆ 1971ರಲ್ಲಿ ಅಂಗೀಕಾರವಾಗಿದ್ದು 2021ರಲ್ಲಿ ತಿದ್ದುಪಡಿಯಾಗಿದೆ. ಕಾನೂನಿನ ಚೌಕಟ್ಟಿನಲ್ಲಿ, ನೋಂದಾಯಿತ ವೈದ್ಯರ ಬಳಿ ಹೋಗಲು ಅವಕಾಶವಿರುವಾಗ ಗುಟ್ಟಿನ ಹಾದಿ ಹಿಡಿಯಬೇಕಾದ ಅಗತ್ಯವಿಲ್ಲ.

ಪ್ರಯೋಗಾಲಯದಲ್ಲಿ

ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ತೋಳಿನಿಂದ ಕೆಲವು ಮಿಲಿಲೀಟರ್ ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಯಂತ್ರದಲ್ಲಿ ತಿರುಗಿಸಿ ಸೀರಂ ಬೇರ್ಪಡಿಸುತ್ತಾರೆ. ಎಚ್‌ಸಿಜಿಯನ್ನು ಎರಡು ಕಡೆಯಿಂದ ಹಿಡಿಯುವ ಪ್ರತಿಕಾಯಗಳನ್ನು ಬೆರೆಸಿದಾಗ ಹೊಮ್ಮುವ ಬೆಳಕನ್ನು ವಿಶ್ಲೇಷಕ ಯಂತ್ರ ಅಳೆಯುತ್ತದೆ. ಈ ಯಂತ್ರ ಇಲ್ಲದ ಸಣ್ಣ ಪ್ರಯೋಗಾಲಯಗಳು ರಕ್ತವನ್ನಷ್ಟೇ ಸಂಗ್ರಹಿಸಿ, ಶೀತಲ ಪೆಟ್ಟಿಗೆಯಲ್ಲಿ ನಗರದ ದೊಡ್ಡ ಪ್ರಯೋಗಾಲಯಕ್ಕೆ ಕಳುಹಿಸುತ್ತವೆ. ವರದಿ ಯಾವಾಗ ಸಿಗುತ್ತದೆಂದು ರಕ್ತ ಕೊಡುವಾಗಲೇ ಕೇಳಿಕೊಳ್ಳುವುದು ಒಳಿತು.

ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ರಕ್ತಕ್ಕೆ ಬೇರೆ ಬೇರೆ ಅಂಕಿ ಕೊಡಬಹುದು. ಮೊದಲ ಪರೀಕ್ಷೆ ನಂಜನಗೂಡಿನ ಒಂದು ಕಡೆ, ಎರಡನೆಯದು ಮೈಸೂರಿನ ಇನ್ನೊಂದು ಕಡೆ ಆದರೆ ಹೋಲಿಕೆಯೇ ಕೆಡುತ್ತದೆ. ಎರಡೂ ಒಂದೇ ಪ್ರಯೋಗಾಲಯದಲ್ಲಿ ಆಗಬೇಕು. ಕೂದಲು, ಉಗುರಿಗೆಂದು ನುಂಗುವ ಬಯೋಟಿನ್ ಮಾತ್ರೆ ಕೆಲವು ಯಂತ್ರಗಳ ಫಲಿತಾಂಶವನ್ನು ತಪ್ಪಿಸುತ್ತದೆ. ಮಕ್ಕಳಾಗಲೆಂದು ಚಿಕಿತ್ಸೆ ಪಡೆಯುವವರಿಗೆ ಎಚ್‌ಸಿಜಿ ಚುಚ್ಚುಮದ್ದನ್ನೇ ಕೊಡುವುದರಿಂದ ಸುಮಾರು ಎರಡು ವಾರ ಅದು ಗರ್ಭವೆಂಬ ಭ್ರಮೆ ಹುಟ್ಟಿಸಬಹುದು. ಇವನ್ನು ಮೊದಲೇ ತಿಳಿಸಬೇಕು.

ಪ್ರಮಾಣ ಹೆಚ್ಚಿದ್ದರೆ ಹೆಣ್ಣು, ಕಡಿಮೆಯಿದ್ದರೆ ಗಂಡು ಎಂಬ ಮಾತು ಅಂತರ್ಜಾಲದಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. ಒಬ್ಬ ಗರ್ಭಿಣಿಯ ಎಚ್‌ಸಿಜಿ ಸಂಖ್ಯೆಯಿಂದ ಲಿಂಗ ತಿಳಿಯದು. ಲಿಂಗ ಪತ್ತೆ ಮಾಡುವುದೂ ಮಾಡಿಸುವುದೂ 1994ರ ಕಾಯ್ದೆಯಡಿ ಅಪರಾಧ. 2023ರ ನವೆಂಬರ್‌ನಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸುತ್ತಿದ್ದ, ಮೈಸೂರಿಗೂ ಚಾಚಿದ್ದ ಜಾಲ ಬಯಲಿಗೆ ಬಂದದ್ದನ್ನು ಈ ಭಾಗದ ಜನ ಮರೆತಿರಲಾರರು.

ಅಪರೂಪಕ್ಕೆ ಸಂಖ್ಯೆ ಒಂದು ಲಕ್ಷವನ್ನೂ ಮೀರಿ, ಸ್ಕ್ಯಾನಿಂಗ್‌ನಲ್ಲಿ ಶಿಶುವಿನ ಬದಲು ದ್ರಾಕ್ಷಿ ಗೊಂಚಲಿನಂಥ ರಾಶಿ ಕಾಣುವುದುಂಟು. ಮೋಲಾರ್ ಗರ್ಭವೆಂದು ಕರೆಯುವ ಇದನ್ನು ತೆಗೆದುಹಾಕಿದ ಮೇಲೂ ಪರೀಕ್ಷೆ ನಿಲ್ಲುವುದಿಲ್ಲ. ಪ್ರಮಾಣ ಸಹಜಕ್ಕೆ ಬರುವವರೆಗೆ ವಾರ ವಾರವೂ ಅನಂತರ ಕೆಲವು ತಿಂಗಳು ತಿಂಗಳಿಗೊಮ್ಮೆಯೂ ರಕ್ತ ಕೊಡಬೇಕು. ಉಳಿದ ಅಂಗಾಂಶ ಕ್ಯಾನ್ಸರ್ ಆಗಿ ಬೆಳೆಯುತ್ತಿದ್ದರೆ ಮೊದಲು ಸುಳಿವು ಕೊಡುವುದು ಈ ಸಂಖ್ಯೆಯೇ. ಅಲ್ಲಿಯವರೆಗೆ ಮತ್ತೆ ಗರ್ಭ ಧರಿಸದಂತೆ ವೈದ್ಯರು ಸೂಚಿಸುತ್ತಾರೆ. ಹೊಸ ಗರ್ಭ ನಿಂತರೆ ಏರಿದ ಎಚ್‌ಸಿಜಿ ಯಾವುದರದೆಂದು ಹೇಳಲು ಬರುವುದಿಲ್ಲ.